ಕಂಠಕ್ಕೂ ಮೊದಲು ಕಿವಿ

ಮುಖ ಕಾಣದ ದನಿಗಳ ನಡುವೆ ನಾವೀಗ ಬದುಕುತ್ತಿದ್ದೇವೆ. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಒಂದು ದನಿ ಹೇಳುತ್ತದೆ. ಫೋನು ಮಾಡಿದರೆ ನಮಗೆ ಬೇಕಾದವರಿಗಿಂತ ಮೊದಲು ಇನ್ನೊಂದು ದನಿ ಸಿಗುತ್ತದೆ. ಬ್ಯಾಂಕಿನವರನ್ನು ವಿಚಾರಿಸೋಣವೆಂದರೆ ಮೂರನೆಯದೊಂದು ದನಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ನಮ್ಮನ್ನು ಸುತ್ತಾಡಿಸುತ್ತದೆ. ಟಿ.ವಿ.ಯಲ್ಲಿ ಮುಂಬಯಿಯ ನಟಿ ನಕ್ಕು ಸಾಬೂನಿನ ಗುಣಗಾನ ಮಾಡುತ್ತಾಳೆ. ನಗು ಅವಳದು, ಕನ್ನಡ ಇನ್ಯಾರದೋ. ಈ ‘ಇನ್ಯಾರೋ’ ಯಾರೆಂದು ನಮ್ಮ ತಲೆಮಾರಿನವರು ಕೇಳಿದವರಲ್ಲ. ಈಗಿನ ಮಕ್ಕಳು ಕೇಳುತ್ತಿದ್ದಾರೆ. ಅಷ್ಟೇ ಅಲ್ಲ, ‘ನಾನೂ ಆಗಬಹುದೇ?’ ಎಂದೂ ಕೇಳುತ್ತಿದ್ದಾರೆ.

ಹತ್ತನೆಯ ತರಗತಿಯ ಮಕ್ಕಳನ್ನು ಮುಂದೇನಾಗುವಿರಿ ಎಂದು ಪ್ರತಿ ವರ್ಷ ಕೇಳುವುದು ನನ್ನ ಅಭ್ಯಾಸ. ಡಾಕ್ಟರು, ಎಂಜಿನಿಯರು, ಪಿ.ಎಸ್.ಐ. ಎಂಬ ಹಳೆಯ ಉತ್ತರಗಳ ನಡುವೆ ಈಚೆಗೆ ಒಬ್ಬಿಬ್ಬರಾದರೂ ‘ವಾಯ್ಸ್ ಓವರ್’ ಎನ್ನುತ್ತಾರೆ. ನಮ್ಮ ಸಿನಿಮಾದವರು ಇದಕ್ಕೊಂದು ಚೆಂದದ ಹೆಸರಿಟ್ಟಿದ್ದಾರೆ: ಕಂಠದಾನ. ಅನ್ನದಾನ, ವಿದ್ಯಾದಾನಗಳ ಸಾಲಿಗೆ ಸೇರುವ ಮಾತು. ಆದರೆ ದಾನವೆಂದ ಮೇಲೆ ಕೂಲಿ ಕೇಳುವುದು ಹೇಗೆ? ಹೆಸರು ಹಾಕಿರೆನ್ನುವುದು ಹೇಗೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ನಮ್ಮ ಉದ್ಯಮ ಈ ಒಂದು ವಿಷಯದಲ್ಲಿ ಬಹಳ ನಿಷ್ಠೆಯಿಂದ ಪಾಲಿಸಿದೆ.

ಈ ಕೆಲಸಕ್ಕೆ ಕಾಲಿಡುವವರಿಗೆ ಸಿಗುತ್ತಿರುವ ಉಪದೇಶಗಳನ್ನೂ, ನಮ್ಮ ಕಿವಿಗೆ ಬೀಳುತ್ತಿರುವ ಕನ್ನಡವನ್ನೂ ಕೂಡಿಸಿ ನೋಡಿದರೆ ನನಗೆ ಒಂದು ತಕರಾರಿದೆ. ಎಲ್ಲರೂ ಕಂಠದ ಮಾತಾಡುತ್ತಾರೆ, ಕಿವಿಯ ಮಾತನ್ನು ಯಾರೂ ಎತ್ತುವುದಿಲ್ಲ. ‘ನಿನ್ನ ದನಿ ಗಂಭೀರವಾಗಿದೆ, ನಿನ್ನದು ಜೇನಿನಂತಿದೆ, ಈ ಶಿಬಿರಕ್ಕೆ ಸೇರು’ ಎಂದು ಹುರಿದುಂಬಿಸುವವರು ಬೇಕಾದಷ್ಟಿದ್ದಾರೆ. ಒಳ್ಳೆಯ ದನಿ ಹುಟ್ಟಿನಿಂದ ಬರಬಹುದು. ಒಂದು ವಾಕ್ಯದ ಭಾರ ಯಾವ ಪದದ ಮೇಲೆ ಬೀಳಬೇಕೆಂಬುದು ಹುಟ್ಟಿನಿಂದ ಬರುವುದಿಲ್ಲ, ಅದು ಕೇಳಿ ಕೇಳಿ ಬರುವಂಥದು.

ಕನ್ನಡಕ್ಕೆ ಈ ಕೇಳುವ ಪರಂಪರೆ ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಹೊರಟು ಮುಂದೆ ದೇಶಕ್ಕೆಲ್ಲ ಸಂದಿತು. ನಮ್ಮ ಧಾರವಾಡದ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಮುಂದೆ ಬೇಂದ್ರೆಯವರೇ ಅಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಎಷ್ಟು ಮನೆಗಳಲ್ಲಿ ನೆಲೆಸಿದರೆಂದರೆ ‘ರೇಡಿಯೋ ಈರಣ್ಣ’ ಎಂಬುದೇ ಅವರ ಹೆಸರಾಯಿತು. ಈರಣ್ಣನ ಮುಖ ಕಂಡವರು ಕಡಿಮೆ, ಅವನ ಪರಿಚಯವಿಲ್ಲದವರು ಇನ್ನೂ ಕಡಿಮೆ. ಕಾಣದ ಮನುಷ್ಯನನ್ನು ಬರೀ ಮಾತಿನಿಂದ ಮನೆಯವನಾಗಿಸುವ ಈ ಕೆಲಸ ಕಂಠದ ಸಿಹಿಯಿಂದ ಆಗುವಂಥದಲ್ಲ.

ಆಕಾಶವಾಣಿಯಲ್ಲಿ ಉದ್ಘೋಷಕರಾಗಬೇಕೆನ್ನುವವರಿಗೆ ಬರವಣಿಗೆಯ ಪರೀಕ್ಷೆಯೂ ಇತ್ತು, ದನಿಯ ಪರೀಕ್ಷೆಯೂ ಇತ್ತು. ಓದಲು ಕೊಟ್ಟ ಹಾಳೆಯಲ್ಲಿ ಒತ್ತಕ್ಷರಗಳು, ಪರಭಾಷೆಯ ಹೆಸರುಗಳು ಇರುತ್ತಿದ್ದವು. ತಪ್ಪಿದರೆ ಮನೆಗೆ. ಅದು ಕಠೋರವೆನಿಸಬಹುದು. ಆದರೆ ಆ ಕಠೋರತೆಯಿಂದಲೇ ನನ್ನಂಥ ಹಳ್ಳಿಯ ಹುಡುಗಿಯರಿಗೆ ‘ಶ’ಕ್ಕೂ ‘ಷ’ಕ್ಕೂ ವ್ಯತ್ಯಾಸ ತಿಳಿದದ್ದು. ನಮ್ಮ ಶಾಲೆಗೆ ಗ್ರಂಥಾಲಯವಿರಲಿಲ್ಲ, ಪಕ್ಕದ ಮನೆಯಲ್ಲಿ ರೇಡಿಯೋ ಇತ್ತು.

ಆ ಪರಂಪರೆಯ ಒಳ್ಳೆಯ ಫಲವನ್ನು ನೋಡಬೇಕೆಂದರೆ, ಅಂದರೆ ಕೇಳಬೇಕೆಂದರೆ, ಬೆಂಗಳೂರಿನ ಮೆಟ್ರೋದಲ್ಲಿ ಅಪರ್ಣಾ ಅವರ ದನಿಯನ್ನು ನೆನೆಯಬೇಕು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ವಿನಲ್ಲಿ ನಟಿಯಾಗಿ ಬಂದವರು, ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಬೆಳೆದವರು. 2011ರಲ್ಲಿ ಮೆಟ್ರೋ ಓಡಲು ಆರಂಭಿಸಿದ ಮೇಲೆ ಅವರ ದನಿ ಊರಿನ ದನಿಯೇ ಆಯಿತು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಅವರನ್ನು ಎಂದೂ ಕಂಡಿರದ ಜನ ರೈಲಿನಲ್ಲಿ ಅದೇ ದನಿ ಕೇಳಿ ಕಣ್ಣೊರೆಸಿಕೊಂಡರೆಂದರೆ ನನಗೆ ಅಚ್ಚರಿಯಿಲ್ಲ. ‘ಮುಂದಿನ ನಿಲ್ದಾಣ’ ಎಂಬ ಎರಡು ಪದಗಳಲ್ಲಿ ಏನಿದೆ? ಏನೂ ಇಲ್ಲ. ಆದರೆ ಅವರು ಅದನ್ನು ಹೇಳುವ ರೀತಿ ಗಮನಿಸಿ. ‘ಮುಂದಿನ’ ಎಂಬಲ್ಲಿ ಅವಸರವಿಲ್ಲ, ‘ನಿಲ್ದಾಣ’ದ ‘ಣ’ ಪೂರ್ಣವಾಗಿ ನಾಲಗೆ ಮಡಿಸಿ ಬಂದಿದೆ, ಊರಿನ ಹೆಸರಿಗೆ ಮೊದಲು ಕೂದಲೆಳೆಯಷ್ಟು ನಿಲುಗಡೆಯಿದೆ. ಆ ನಿಲುಗಡೆಯಲ್ಲಿ ನಿದ್ದೆಯ ಮಂಪರಿನ ಪ್ರಯಾಣಿಕ ತಲೆಯೆತ್ತುತ್ತಾನೆ. ದನಿಯಲ್ಲಿ ಅಪ್ಪಣೆಯಿಲ್ಲ, ಓಲೈಕೆಯೂ ಇಲ್ಲ. ಕೇಳುವವನಿಗೆ ಕೆಲಸವಿದೆ, ಅವನು ಇಳಿಯಬೇಕಾಗಿದೆ ಎಂಬ ಎಚ್ಚರ ಮಾತ್ರ ಇದೆ. ಹೇಳುವವಳು ಕೇಳುವವನ ಕಿವಿಯಲ್ಲಿ ಕುಳಿತು ಮಾತಾಡಿದ್ದಾಳೆ.

ಇದಕ್ಕೆ ಎದುರಾಗಿ ಜಾಹೀರಾತುಗಳನ್ನು ಕೇಳಿ. ‘ನಿಮ್ಮ ತ್ವಚೆಗೆ ನೀಡಿ ಹೊಸ ಹೊಳಪು’, ‘ಈಗ ಬಟ್ಟೆಗಳು ಹೊಳೆಯುವವು ಹೊಸದರಂತೆ’. ಯಾವ ತಾಯಿ ಯಾವ ಮಗಳಿಗೆ ಹೀಗೆ ಹೇಳಿದ್ದಾಳು? ಹಿಂದಿಯ ವಾಕ್ಯದ ಮೇಲೆ ಕನ್ನಡದ ಪದಗಳನ್ನು ಒಂದೊಂದಾಗಿ ಜೋಡಿಸಿಟ್ಟಿದ್ದಾರೆ. ಕ್ರಿಯಾಪದ ಕೊನೆಗೆ ಬಂದು ವಾಕ್ಯವನ್ನು ಕಟ್ಟಬೇಕಾದ ನಮ್ಮ ಭಾಷೆಯಲ್ಲಿ ಅದು ನಡುವೆಯೇ ಉದುರಿಬಿದ್ದಿದೆ. ಮಾತು ಬರೆದವರು ಒಬ್ಬರು, ದುಡ್ಡು ಕೊಟ್ಟವರು ಇನ್ನೊಬ್ಬರು, ಬೈಸಿಕೊಳ್ಳುವುದು ಮಾತ್ರ ಓದಿದ ಹುಡುಗಿ. ಹೊಸಬಳಿಗೆ ‘ಇದು ಕನ್ನಡವಲ್ಲ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಅವಳಿಗೆ ಕಿವಿಯಾದರೂ ಇದ್ದರೆ ತುಸು ತಿರುಗಿಸಿ ‘ನಿಮ್ಮ ಮೈಬಣ್ಣಕ್ಕೆ ಹೊಸ ಹೊಳಪು ಬರಲಿ’ ಎಂದು ಓದಿ ತೋರಿಸಬಲ್ಲಳು. ಕಂಠ ಮಾತ್ರವಿದ್ದರೆ ಜೇನಿನಂಥ ದನಿಯಲ್ಲಿ ಅದೇ ಸೊಟ್ಟ ವಾಕ್ಯವನ್ನು ಊರಿಗೆಲ್ಲ ಹಂಚುತ್ತಾಳೆ. ಅದನ್ನೇ ಕೇಳಿ ಬೆಳೆದ ಮಗು ನನ್ನ ತರಗತಿಯಲ್ಲಿ ಪ್ರಬಂಧ ಬರೆಯುವಾಗ ಕ್ರಿಯಾಪದವನ್ನು ನಡುವೆ ಇಡುತ್ತದೆ. ಕೆಂಪು ಶಾಯಿ ಹಿಡಿದು ಕುಳಿತ ನನಗೆ ಅದು ಯಾವ ಸಾಬೂನಿನಿಂದ ಬಂದ ತಪ್ಪೆಂದೂ ಗೊತ್ತಾಗಿಬಿಡುತ್ತದೆ.

ಇನ್ನು ಡಬ್ಬಿಂಗ್. ಈ ವಿಷಯ ಬಂದರೆ ಕನ್ನಡಿಗರಲ್ಲಿ ಎರಡು ಪಕ್ಷ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟು ಅರವತ್ತರ ದಶಕದ ಚಳವಳಿಯಿಂದ ಬಂದದ್ದು. ಅದು ಕಾನೂನಲ್ಲ, ಉದ್ಯಮ ತನಗೆ ತಾನೇ ಹಾಕಿಕೊಂಡ ಬೇಲಿ. ನಮ್ಮ ಕಲಾವಿದರ ಅನ್ನ ಉಳಿಯಲೆಂಬ ಕಾಳಜಿ ಅದರ ಹಿಂದಿತ್ತು, ಅದನ್ನು ಹಗುರವಾಗಿ ಕಾಣಬಾರದು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ಸರಿಯಲ್ಲವೆಂದು ವಾಣಿಜ್ಯ ಮಂಡಳಿ ಮೊದಲಾದವರಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ತಮಿಳಿನ ಅಜಿತ್ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡದಲ್ಲಿ ತೆರೆಕಂಡಿತು. 2020ರಲ್ಲಿ ಕೊರೊನಾ ಬಂದು ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡುತ್ತ ನಮ್ಮ ಮನೆಗಳಿಗೆ ಬಂತು, ಅಂಬೇಡ್ಕರರ ಜೀವನದ ‘ಮಹಾನಾಯಕ’ ಬಂತು. 2022ರಲ್ಲಿ ‘ಆರ್‌ಆರ್‌ಆರ್’ ಚಿತ್ರಕ್ಕೆ ಅದರ ಇಬ್ಬರೂ ತೆಲುಗು ನಾಯಕರು ತಾವೇ ಕನ್ನಡದಲ್ಲಿ ಮಾತಾಡಿದರು. ಬೇಲಿ ಹೋಯಿತು. ಇನ್ನು ಆ ಜಗಳವನ್ನು ಬಿಟ್ಟು, ಬೆಳೆ ಹೇಗಿದೆಯೆಂದು ನೋಡುವುದು ಒಳ್ಳೆಯದು.

‘ಮಹಾಭಾರತ’ ನಮ್ಮ ಹಿರಿಯರಿಗೂ ಹಿಡಿಸಿತು. ಕಥೆ ನಮ್ಮದೇ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಭಾಷೆಯದು. ಧರ್ಮ, ಪ್ರತಿಜ್ಞೆ, ಪುತ್ರ, ಅಪಮಾನ ಎಂಬ ಪದಗಳು ಹಿಂದಿಯಲ್ಲೂ ಅವೇ, ಕನ್ನಡದಲ್ಲೂ ಹೆಚ್ಚುಕಡಿಮೆ ಅವೇ. ಹೀಗಾಗಿ ತುಟಿಗೂ ಮಾತಿಗೂ ಹೊಂದಿಕೆಯಾಯಿತು. ಕಷ್ಟ ಬರುವುದು ಮನೆಮಾತಿನ ಕಥೆಗಳಲ್ಲಿ. ಹಿಂದಿಯವರು ಹಮ್, ತುಮ್, ಅಬ್, ಸಬ್, ಕಾಮ್, ನಾಮ್ ಎಂದಾಗಲೆಲ್ಲ ಬಾಯಿ ಮುಚ್ಚುತ್ತಾರೆ. ನಮ್ಮ ಈಗ, ಎಲ್ಲ, ಕೆಲಸ, ಹೆಸರು ಎಂಬ ಪದಗಳಲ್ಲಿ ತುಟಿಗೆ ತುಟಿ ತಾಗುವುದೇ ಇಲ್ಲ. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಇರುತ್ತದೆ. ತೆರೆಯ ಮೇಲೆ ಬಾಯಿ ಮುಚ್ಚಿರುವಾಗ ಕನ್ನಡ ಇನ್ನೂ ಹರಿಯುತ್ತಿದ್ದರೆ ನೋಡುವವರಿಗೆ ಏನೋ ಕಸಿವಿಸಿ. ಒಳ್ಳೆಯ ಸಂಭಾಷಣೆಕಾರ ಆ ಜಾಗಕ್ಕೆ ‘ಬೇಗ’, ‘ಮತ್ತೆ’, ‘ಪೂರಾ’ ಎಂಥದೋ ಒಂದು ಪ-ಬ-ಮ ಪದವನ್ನು ಹುಡುಕಿ ತರುತ್ತಾನೆ. ಒಳ್ಳೆಯ ಕಲಾವಿದೆ ಅದನ್ನು ಅರೆಗಳಿಗೆ ಮುಂದೆ ಹಿಂದೆ ಸರಿಸಿ ಕೂಡಿಸುತ್ತಾಳೆ. ಕೆಟ್ಟ ಕೆಲಸದಲ್ಲಿ ಎಲ್ಲ ತೂತಿಗೂ ‘ಅಂದರೆ’, ‘ಗೊತ್ತಾ’, ‘ನೋಡು’ ಎಂಬ ಅರಳೆ ತುರುಕಿರುತ್ತಾರೆ. ಗಂಡ ಹೆಂಡತಿಗೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಪಠ್ಯಪುಸ್ತಕದ ಹಾಗೆ ಹೇಳುವುದೂ ಈ ಅವಸರದ ಫಲವೇ.

ಹಾಗೆಂದು ಬೇರೆಯವರ ಬಾಯಿಗೆ ಮಾತು ಕೊಡುವುದು ಕೀಳು ಕೆಲಸವಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ರಂಗಭೂಮಿಯಲ್ಲಿ ಪಳಗಿದ ದನಿಯನ್ನು ಮಾಧವಿ, ಅಂಬಿಕಾ, ಜಯಪ್ರದಾರಂಥ ನಾಯಕಿಯರಿಗೆ ಕೊಟ್ಟಿದ್ದಾರೆ. ನಾವು ನಾಯಕಿಯ ಅಳುವಿಗೆ ಅತ್ತದ್ದು ಎಷ್ಟೋ ಸಲ ಜಯಶ್ರೀಯವರ ಅಳುವಿಗೆ. ತೆಲುಗಿನಲ್ಲಿ ಸುಮನ್, ರಾಜಶೇಖರರ ದನಿಯಾಗಿದ್ದ ಸಾಯಿಕುಮಾರ್ 1996ರ ‘ಪೊಲೀಸ್ ಸ್ಟೋರಿ’ಯಿಂದ ಕನ್ನಡದ ನಾಯಕರಾದರು. ಅವರ ತಮ್ಮ ರವಿಶಂಕರರೂ ದನಿಯ ಕೆಲಸದಿಂದಲೇ ಬಂದು 2011ರ ‘ಕೆಂಪೇಗೌಡ’ದಲ್ಲಿ ಮನೆಮಾತಾದರು. ಇವರೆಲ್ಲ ಮೈಕಿನ ಮುಂದೆ ನಟರು. ಅಳುವ ದೃಶ್ಯಕ್ಕೆ ಕತ್ತಲೆ ಕೋಣೆಯಲ್ಲಿ ನಿಂತು, ಎದುರಿಗೆ ಯಾರೂ ಇಲ್ಲದೆ, ಇನ್ನೊಬ್ಬರ ಉಸಿರಿನ ಲೆಕ್ಕದಲ್ಲಿ ಅಳಬೇಕು. ದಪ್ಪ ದನಿಯೊಂದೇ ಬಂಡವಾಳವೆಂದುಕೊಂಡು ಬರುವವರಿಗೆ ಈ ಲೆಕ್ಕ ಸಿಗುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಕೆಲಸ ಹುಡುಕಿ ಬೆಂಗಳೂರಿಗೆ ಹೋದಳು. ನವಲಗುಂದದ ಕಡೆಯ ಹುಡುಗಿ, ತರಗತಿಯಲ್ಲಿ ಅವಳು ಪಾಠ ಓದಿದರೆ ಹಿಂದಿನ ಬೆಂಚೂ ಸುಮ್ಮನಾಗುತ್ತಿತ್ತು. ಒಂದು ದಿನ ಫೋನು ಬಂತು. ‘ಅಕ್ಕೋರ, ನನ್ನ ದನಿ ಚಲೋ ಐತೆಂತ. ನನ್ನ ಕನ್ನಡ ಚಲೋ ಇಲ್ಲಂತ.’ ಒಂದು ಜಾಹೀರಾತಿಗೆ ಮನೆಯೊಡತಿ, ಕೆಲಸದಾಕೆ ಎರಡು ಪಾತ್ರ. ಮನೆಯೊಡತಿಯದನ್ನು ಇವಳು ಒಂದು ತಪ್ಪಿಲ್ಲದೆ ಓದಿದ್ದಳು. ಕೊಟ್ಟದ್ದು ಕೆಲಸದಾಕೆಯದು, ಅದೂ ‘ನಿಮ್ಮ ಕಡೆ ಭಾಷೆಯಲ್ಲಿ ಸ್ವಲ್ಪ ಕಾಮಿಡಿಯಾಗಿ’ ಎಂದು.

‘ನೀ ಏನಂದಿ?’ ಎಂದು ಕೇಳಿದೆ.

‘ಏನನ್ಲಿರಿ ಅಕ್ಕೋರ, ರೊಕ್ಕ ಬೇಕಾಗಿತ್ತು, ಮಾಡಿದೆ. ಆದ್ರ ನಮ್ಮವ್ವ ಟಿ.ವಿ.ಯೊಳಗ ಕೇಳಿ, ಇದು ನಿನ್ನ ದನಿ ಅಲ್ಲೇನ, ಎಲ್ಲಾರೂ ಯಾಕ ನಗಾಕತ್ತಾರ ಅಂದ್ಲು.’

ಆ ತಾಯಿಯ ಪ್ರಶ್ನೆಗಿಂತ ದೊಡ್ಡ ವಿಮರ್ಶೆಯನ್ನು ನಾನು ಬರೆಯಲಾರೆ. ಯಾವ ಕನ್ನಡದಲ್ಲಿ ಬೇಂದ್ರೆ ಹಾಡಿದರೋ, ಯಾವ ಕನ್ನಡದ ಕವಿಗೆ ಜ್ಞಾನಪೀಠ ಬಂತೋ, ಅದೇ ಕನ್ನಡ ಜಾಹೀರಾತಿನ ಕೋಣೆಯಲ್ಲಿ ಪಾತ್ರೆ ತೊಳೆಯಬೇಕು, ನಗಿಸಬೇಕು. ಬ್ಯಾಂಕಿನ ಭರವಸೆ ಹೇಳಲು, ಮಗುವಿನ ಔಷಧಿಯ ಮಾತು ಹೇಳಲು ಅದು ಸಲ್ಲದು. ಕಲಬುರಗಿಯ ಕನ್ನಡ, ಚಾಮರಾಜನಗರದ ಕನ್ನಡ, ಕುಂದಾಪುರದ ಕನ್ನಡಗಳ ಪಾಡೂ ಬಹುತೇಕ ಇದೇ.

ನಾನು ಉಚ್ಚಾರದ ವಿಷಯದಲ್ಲಿ ಕಟ್ಟುನಿಟ್ಟಿನವಳೇ. ‘ಹಕ್ಕಿ’ಯನ್ನು ‘ಅಕ್ಕಿ’ ಎಂದರೆ ಹಾರುವುದು ಬೇಯುವುದಾಗುತ್ತದೆ, ಅದನ್ನು ತಿದ್ದಲೇಬೇಕು. ‘ಐತಿ’ ಎಂಬುದು ತಪ್ಪಲ್ಲ, ಅದು ‘ಇದೆ’ಯ ಅಕ್ಕತಂಗಿ. ಮೊದಲನೆಯದರಲ್ಲಿ ಅರ್ಥ ಕೆಡುತ್ತದೆ, ಎರಡನೆಯದರಲ್ಲಿ ಊರು ಕಾಣುತ್ತದೆ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ‘ಭಾಷೆ ಶುದ್ಧವಿಲ್ಲ’ ಎನ್ನುವವರಿಗೆ ಭಾಷೆಯೂ ಗೊತ್ತಿಲ್ಲ, ಜನರೂ ಗೊತ್ತಿಲ್ಲ. ಬೇಕಿದ್ದರೆ ‘ತಿಥಿ’ ಚಿತ್ರ ನೋಡಲಿ. ಮಂಡ್ಯದ ಕಡೆಯ ಹಳ್ಳಿಯವರೇ ನಟಿಸಿ, ತಮ್ಮ ನಾಲಗೆಯಲ್ಲೇ ಮಾತಾಡಿದ ಆ ಚಿತ್ರಕ್ಕೆ 2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿನ ಸೆಂಚುರಿ ಗೌಡನಿಗೆ ಬೆಂಗಳೂರಿನ ತಿದ್ದಿದ ದನಿಯೊಂದನ್ನು ಅಂಟಿಸಿದ್ದರೆ ಏನುಳಿಯುತ್ತಿತ್ತು? 2022ರ ‘ಕಾಂತಾರ’ದಲ್ಲಿ ಕರಾವಳಿಯ ಮಾತು ನಾಯಕನ ಬಾಯಲ್ಲೇ ಬಂತು, ರಾಜ್ಯವೆಲ್ಲ ಕೇಳಿತು. ಕೇಳುವವರು ಒಲ್ಲೆವೆನ್ನಲಿಲ್ಲ. ಒಲ್ಲೆನ್ನುತ್ತಾರೆಂದು ಮೊದಲೇ ತೀರ್ಮಾನಿಸಿ ಕುಳಿತವರು ನಡುವೆ ಇದ್ದಾರೆ, ಅಷ್ಟೆ.

ನನ್ನ ವಿದ್ಯಾರ್ಥಿನಿಗೆ ನಾನು ಹೇಳಿದ್ದನ್ನೇ ಇಲ್ಲಿ ಉಳಿದ ಮಕ್ಕಳಿಗೂ ಹೇಳಬಹುದು. ಎರಡು ಕನ್ನಡವನ್ನೂ ಇಟ್ಟುಕೊ, ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬೇಡ. ದಿನಕ್ಕೆ ಅರ್ಧ ತಾಸು ಗಟ್ಟಿಯಾಗಿ ಓದು, ಒಂದು ತಾಸು ಕೇಳು. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಜನ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಸಿಟ್ಟಿನಲ್ಲಿ ಯಾವ ಪದ ನುಂಗುತ್ತಾರೆ, ಗಮನಿಸು. ಅಂಧ ವಿದ್ಯಾರ್ಥಿಗಳಿಗೆ ಪಠ್ಯಗಳನ್ನು ಓದಿ ಮುದ್ರಿಸಿಕೊಡು. ಅವರಷ್ಟು ಕಠಿಣ ವಿಮರ್ಶಕರು ನಿನಗೆ ಸಿಗಲಾರರು. ನೀನು ಅರ್ಥ ತಿಳಿಯದೆ ಓದಿದ ಒಂದು ಸಾಲನ್ನೂ ಅವರು ಹಿಡಿದು ಹೇಳುತ್ತಾರೆ.

ಸಲಕರಣೆಗೆ ಸಾಲ ಮಾಡಬೇಕಿಲ್ಲ. ದುಬಾರಿ ಮೈಕು ಕೆಟ್ಟ ಕೋಣೆಯ ಮೊಳಗನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ. ಮೊದಲು ಕೋಣೆ ನೋಡು. ಸೀರೆ ತುಂಬಿದ ಕಪಾಟಿನ ಬಾಗಿಲು ತೆಗೆದು ಅದಕ್ಕೆ ಮುಖಮಾಡಿ ನಿಂತರೆ, ಗೋಡೆಗೆ ಕೌದಿ ಕಟ್ಟಿದರೆ ಅರ್ಧ ಕೆಲಸವಾಯಿತು. ಫ್ಯಾನು, ಫ್ರಿಜ್ಜು ನಿಲ್ಲಿಸು, ಕುಕ್ಕರಿನ ಸೀಟಿ ಮುಗಿಯಲಿ. ಮೈಕಿಗೆ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ನಿಂತರೆ ಪ, ಫ, ಭಗಳ ಗಾಳಿ ನೇರ ಬಡಿಯುವುದಿಲ್ಲ. ಒಂದೊಂದು ನಿಮಿಷದ ಮೂರು ಮಾದರಿ ಸಾಕು: ಒಂದು ಸುದ್ದಿ, ಒಂದು ಕಥೆ, ಒಂದು ಜಾಹೀರಾತು. ಒಂದರಲ್ಲಾದರೂ ನಿನ್ನೂರಿನ ಮಾತಿರಲಿ, ಗಂಭೀರವಾಗಿಯೇ ಇರಲಿ. ಕೆಲಸ ಕೊಡಿಸುತ್ತೇವೆಂದು ಮೊದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವವರಿಂದ ದೂರವಿರು. ಕೆಲಸ ಕೊಡುವವನು ದುಡ್ಡು ಕೊಡಬೇಕೇ ಹೊರತು ಕೇಳಬಾರದು, ಇಷ್ಟು ಗಣಿತ ಏಳನೆಯ ತರಗತಿಯವರಿಗೂ ಬರುತ್ತದೆ.

ಮತ್ತೆ, ಸಹಿ ಹಾಕುವ ಮೊದಲು ಕಾಗದ ಓದು. ಈ ದನಿಯನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ? ಇದರಿಂದ ಯಂತ್ರಕ್ಕೆ ಮಾತು ಕಲಿಸುತ್ತಾರೆಯೇ? ಈಗ ಯಂತ್ರ ಮನುಷ್ಯನ ದನಿಯನ್ನು ಕಲಿತು, ಆ ಮನುಷ್ಯ ಎಂದೂ ಆಡದ ಮಾತನ್ನು ಆಡಬಲ್ಲದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್‌ನಲ್ಲಿ ಚಿತ್ರ ಬಂದಾಗ ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ದನಿ ಕೊಟ್ಟಿದ್ದರು. ಮರುತಿಂಗಳು ತಂತ್ರಜ್ಞಾನದಿಂದ ಪುನೀತರ ದನಿಯನ್ನೇ ಮರುಸೃಷ್ಟಿಸಿ ಚಿತ್ರವನ್ನು ಮತ್ತೆ ತೋರಿಸಿದರು. ಅಭಿಮಾನಿಗಳಿಗೆ ಎರಡನೆಯದು ಬೇಕಾಗಿತ್ತು, ಅವರ ದುಃಖವನ್ನು ನಾನು ಪ್ರಶ್ನಿಸುವವಳಲ್ಲ. ನನಗೆ ಮಾತ್ರ ಮೊದಲನೆಯದೇ ದೊಡ್ಡದು. ಅಣ್ಣನ ದನಿ ತಮ್ಮನ ತುಟಿಗೆ ಹೊಂದದ ಕಡೆಗಳಲ್ಲೂ ಅಲ್ಲೊಂದು ಮನುಷ್ಯಸಂಬಂಧ ಕೇಳಿಸುತ್ತದೆ. ಕಂಠದಾನವೆಂಬ ಪದ ನನಗೆ ನಿಜವೆನಿಸಿದ್ದು ಅಲ್ಲಿ. ಉಳಿದೆಡೆ ಅದು ದುಡಿಮೆ. ದುಡಿಮೆಗೆ ಕೂಲಿ ಸಲ್ಲಬೇಕು, ಹೆಸರು ಸಲ್ಲಬೇಕು, ಒಪ್ಪಿಗೆಯಿಲ್ಲದೆ ದನಿಯನ್ನು ಯಂತ್ರಕ್ಕೆ ಒಪ್ಪಿಸಬಾರದು.

ಯಂತ್ರ ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ತಿದ್ದಿ ತೀಡಿದ, ಯಾವ ಊರಿನದೂ ಅಲ್ಲದ ಕನ್ನಡವನ್ನು ಓದುವ ಕೆಲಸವಾದರೆ ಅದನ್ನು ಯಂತ್ರ ಅಗ್ಗಕ್ಕೆ ಮಾಡುತ್ತದೆ, ಈಗಾಗಲೇ ಮಾಡುತ್ತಿದೆ. ಊರಿನ ವಾಸನೆ ಇರುವ, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕೆಂದು ಬಲ್ಲ ದನಿಗೆ ಇನ್ನೂ ಕಾಲವಿದೆಯೆಂದು ನನ್ನ ನಂಬಿಕೆ. ಹಾಗಿದ್ದೂ ನಮ್ಮ ಕೋಣೆಗಳಲ್ಲಿ ಕುಳಿತವರು ಮನುಷ್ಯರನ್ನು ಯಂತ್ರದಂತೆ ಮಾತಾಡಿಸುವುದಕ್ಕೇ ದುಡ್ಡು ಕೊಡುತ್ತಿದ್ದಾರಲ್ಲ, ಈ ವಿಚಿತ್ರಕ್ಕೆ ಏನೆನ್ನಬೇಕು?

ಆ ಹುಡುಗಿ ಈಗ ಕಥೆಪುಸ್ತಕಗಳನ್ನು ಓದಿ ಮುದ್ರಿಸುತ್ತಾಳೆ. ಗಳಿಕೆ ಹೇಳಿಕೊಳ್ಳುವಷ್ಟಿಲ್ಲ, ಬಾಡಿಗೆಗೆ ಸಾಲುತ್ತದೆ. ಹೋದ ತಿಂಗಳು ನಮ್ಮ ಕಡೆಯ ಕಥೆಯೊಂದನ್ನು ನಮ್ಮ ಕಡೆಯ ಮಾತಿನಲ್ಲೇ ಓದಿ ಕಳಿಸಿದ್ದಳು. ಅವ್ವ ಪೂರಾ ಕೇಳಿದಳಂತೆ, ನಡುವೆ ಒಮ್ಮೆಯೂ ಎದ್ದು ಹೋಗಲಿಲ್ಲವಂತೆ.